ಪುಟ್ಟ ಟೂ-ಸ್ಟ್ರೋಕ್ ಕ್ವಾಡ್ ಚಾಲೂ ಆಗ್ತಿಲ್ವಾ? ಸ್ಕ್ರೂ ತಿರುಗಿಸುವ ಮೊದಲು ಪ್ಲಗ್ ಬಿಚ್ಚಿ

ದೀಪಾವಳಿ ರಜೆ ಹತ್ತಿರ ಬಂತೆಂದರೆ ಬೆಳಗಾವಿಯ ನನ್ನ ಅಂಗಡಿ ಮುಂದೆ ಒಂದೇ ಥರದ ಗಾಡಿಗಳು ನಿಲ್ಲುತ್ತವೆ. ಮಕ್ಕಳು ಹೊಲದಲ್ಲೋ ತೋಟದ ಮನೆ ಅಂಗಳದಲ್ಲೋ ಓಡಿಸುವ 49 ಸಿಸಿಯ, ನಾಲ್ಕು ಗಾಲಿಯ ಪುಟ್ಟ ಕ್ವಾಡ್. ಜೂನ್ ತಿಂಗಳಲ್ಲಿ ಮಳೆ ಹಿಡಿಯಿತು ಅಂತ ಪತ್ರಾಸಿನ ಶೆಡ್ಡಿಗೆ ನೂಕಿದ್ದು, ನಾಲ್ಕು ತಿಂಗಳು ಯಾರೂ ಮುಟ್ಟಿಲ್ಲ, ಈಗ ಅಪ್ಪ, ಕಾಕಾ, ಪಕ್ಕದ ಮನೆ ಹುಡುಗ ಎಲ್ಲರೂ ಸರದಿ ಮೇಲೆ ಹಗ್ಗ ಜಗ್ಗಿ ರಟ್ಟೆ ನೋಯಿಸಿಕೊಂಡಿದ್ದಾರೆ, ಗಾಡಿ ಮಾತ್ರ ಒಂದು ಸಲವೂ ಕೆಮ್ಮಿಲ್ಲ.

ಇಷ್ಟೇ ಆಗಿದ್ದರೆ ಅರ್ಧ ಗಂಟೆಯ ಕೆಲಸ. ಆದರೆ ನನ್ನ ಕೈಗೆ ಬರುವ ಹೊತ್ತಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರಿನ ಸ್ಕ್ರೂಗಳೆಲ್ಲ ತಿರುಗಿರುತ್ತವೆ, ಒಂದೆರಡರ ತಲೆ ಸವೆದಿರುತ್ತದೆ, ಏರ್ ಫಿಲ್ಟರ್ ಮನೆಯಲ್ಲೇ ಉಳಿದಿರುತ್ತದೆ. ಕೆಟ್ಟದ್ದು ಒಂದು, ರಿಪೇರಿ ಮೂರು. ಗೋಕಾಕ ಕಡೆಯಿಂದ ಬಂದ ಒಂದು ಗಾಡಿಯ ಕಾರ್ಬೊರೇಟರನ್ನು ಎರಡು ಸಲ ಬಿಚ್ಚಿ ಜೋಡಿಸಿದ್ದರು. ದೋಷ ಇದ್ದದ್ದು ಹ್ಯಾಂಡಲ್ ಕೆಳಗೆ, ಇಲಿ ಕಡಿದು ತಾಮ್ರ ಬರಿದಾಗಿ ಚಾಸಿಗೆ ತಾಗುತ್ತಿದ್ದ ಒಂದು ತೆಳು ವೈರಿನಲ್ಲಿ.

ಹಾಗಾಗಿ ಇಲ್ಲಿ ಕ್ರಮದ ಮಾತೇ ಜಾಸ್ತಿ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು, ಎಲ್ಲಿಗೆ ಕೈ ಬಿಟ್ಟು ಮಿಸ್ತ್ರಿ ಹತ್ತಿರ ಹೋಗಬೇಕು. ಔಷಧ ಹೊಡೆಯುವ ಬೆನ್ನಿನ ಪಂಪು, ಹುಲ್ಲು ಕತ್ತರಿಸುವ ಮಷಿನ್ನು ಇವುಗಳಲ್ಲೂ ಹೆಚ್ಚುಕಡಿಮೆ ಇಂಥದ್ದೇ ಎಂಜಿನ್ ಇರುತ್ತದೆ. ಕಾರ್ಬೊರೇಟರ್ ಭಾಗ ಬಿಟ್ಟರೆ ಉಳಿದದ್ದು ಅವಕ್ಕೂ ಹೊಂದುತ್ತದೆ.

## ಬಿಚ್ಚುವ ಮೊದಲು: ಸಾಮಾನು ಮತ್ತು ಜಾಗ

ದೊಡ್ಡ ಸಾಮಾನೇನೂ ಬೇಡ. ಸ್ಪಾರ್ಕ್ ಪ್ಲಗ್ ಬಿಚ್ಚುವ ಪಾನಾ ಒಂದು (ಈ ಎಂಜಿನ್ನುಗಳ ಸಣ್ಣ ಪ್ಲಗ್ಗಿಗೆ ಸಾಮಾನ್ಯವಾಗಿ 19 ಎಂಎಂ, ಕೆಲವಕ್ಕೆ 21), 8 ಮತ್ತು 10ರ ಪಾನಾ, ಸರಿಯಾದ ಅಳತೆಯ ಸ್ಟಾರ್ ಸ್ಕ್ರೂಡ್ರೈವರ್, ಪಕ್ಕಡ್, ಕಾರ್ಬ್ ಕ್ಲೀನರ್ ಡಬ್ಬಿ, ಸಣ್ಣ ಪಾಲಿಶ್ ಪೇಪರ್, ಹಳೇ ಬನಿಯನ್ ಬಟ್ಟೆ. ಜೊತೆಗೆ ಒಂದು ಹೊಸ ಪ್ಲಗ್. ಇದೊಂದರಲ್ಲಿ ಜಿಪುಣತನ ಬೇಡ. ಹಳೇ ಪ್ಲಗ್ ಸರಿ ಇದೆಯೋ ಇಲ್ಲವೋ ಅಂತ ತಲೆ ಕೆಡಿಸಿಕೊಳ್ಳುವುದಕ್ಕಿಂತ ಹೊಸದು ಹಾಕಿ ಆ ಅನುಮಾನವನ್ನೇ ತೆಗೆದುಹಾಕುವುದು ಅಗ್ಗ.

ಕೆಲಸ ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಹೊಗೆ ತುಂಬಿದರೆ ಜೀವಕ್ಕೇ ಅಪಾಯ, ಪೆಟ್ರೋಲ್ ವಾಸನೆ ತುಂಬಿದರೆ ಬೆಂಕಿ ಅಪಾಯ. ಅಡುಗೆ ಒಲೆ, ದೇವರ ದೀಪ, ಬೀಡಿ ಯಾವುದೂ ಹತ್ತಿರ ಇರಬಾರದು. ಹಿಂದಿನ ಎರಡೂ ಗಾಲಿ ನೆಲ ಬಿಡುವ ಹಾಗೆ ಚಾಸಿ ಕೆಳಗೆ ಗಟ್ಟಿ ಮರದ ತುಂಡು ಕೊಡಿ. ಈ ಗಾಡಿಗಳಿಗೆ ಕೈ ಕ್ಲಚ್ ಇಲ್ಲ, ಎಂಜಿನ್ ವೇಗ ಏರಿದರೆ ಕ್ಲಚ್ ತಾನೇ ಹಿಡಿಯುತ್ತದೆ. ಥ್ರೊಟಲ್ (ಎಕ್ಸಲೇಟರ್) ಸಿಕ್ಕಿಕೊಂಡಿದ್ದ ಗಾಡಿ ಚಾಲೂ ಆದ ಕೂಡಲೇ ಜಿಗಿದು ಹೋಗಿ ಗೋಡೆಗೆ ಗುದ್ದಿದ್ದನ್ನು ಕಣ್ಣಾರೆ ನೋಡಿದ್ದೇನೆ. ಮೇಲೆ ಯಾರೂ ಕೂತಿರಲಿಲ್ಲ, ಪುಣ್ಯ.

ಬೆರಳಿನಿಂದ ಥ್ರೊಟಲ್ ಒತ್ತಿ ಬಿಡಿ. ಟಕ್ ಅಂತ ತಾನೇ ಹಿಂದೆ ಬರಬೇಕು. ಬರದಿದ್ದರೆ ಮೊದಲು ಕೇಬಲ್ ಸರಿಮಾಡಿ, ಆಮೇಲೆ ಹಗ್ಗಕ್ಕೆ ಕೈ ಹಾಕಿ.

## ಹಂತ 1: ಸ್ವಿಚ್, ಕಾಕ್, ಚೋಕ್

ನಗಬೇಡಿ. ಬಹಳ ಗಾಡಿ ಇಲ್ಲೇ ಚಾಲೂ ಆಗುತ್ತವೆ.

ಹ್ಯಾಂಡಲ್ ಮೇಲಿನ ಕೆಂಪು ಕಿಲ್ ಸ್ವಿಚ್ ಒಳಗೆ ಒತ್ತಿಕೊಂಡೇ ಉಳಿದಿರಬಹುದು. ಇನ್ನೂ ಕೆಲವು ಗಾಡಿಗಳ ಹಿಂಬದಿಯಲ್ಲಿ ಒಂದು ದಾರ ಇರುತ್ತದೆ, ಮಗು ಬಿದ್ದರೆ ದೊಡ್ಡವರು ಜಗ್ಗಿ ಎಂಜಿನ್ ಬಂದ್ ಮಾಡಲಿ ಅಂತ. ಅದರ ತುದಿಯ ಕೀಲು ತನ್ನ ಜಾಗದಲ್ಲಿ ಪೂರ್ತಿ ಕೂತಿರದಿದ್ದರೆ ಕಿಡಿ ಬರುವುದೇ ಇಲ್ಲ. ಮಕ್ಕಳು ಆ ದಾರ ಕಿತ್ತು ಗಾಳಿಪಟಕ್ಕೆ ಕಟ್ಟಿದ್ದೂ ಇದೆ.

ಪೆಟ್ರೋಲ್ ಕಾಕ್ ತೆರೆದು ಅರ್ಧ ನಿಮಿಷ ಕಾಯಿರಿ, ಕಾರ್ಬೊರೇಟರ್ ಬಟ್ಟಲು ತುಂಬಲಿ. ಚೋಕ್ (ಕಾರ್ಬೊರೇಟರಿಗೆ ಹೋಗುವ ಗಾಳಿ ತಡೆಯುವ ಮುಚ್ಚಳ) ಮುಚ್ಚಿ. ಥ್ರೊಟಲ್ ಮುಟ್ಟಬೇಡಿ. ತಣ್ಣಗಿರುವ ಎಂಜಿನ್ನಿಗೆ ಚೋಕ್ ಹಾಕಿ ಥ್ರೊಟಲನ್ನೂ ಒತ್ತಿ ಹಿಡಿದರೆ ಚೋಕ್ ಹಾಕಿಯೂ ಹಾಕದ ಹಾಗೆ. ಹಗ್ಗವನ್ನು ನಿಧಾನ ಎಳೆಯಿರಿ, ಕೈಗೆ ಬಿಗಿ ಸಿಗುವಲ್ಲಿ ನಿಲ್ಲಿಸಿ, ಅಲ್ಲಿಂದ ಒಂದೇ ಸಲ ಚುರುಕಾಗಿ ಜಗ್ಗಿ. ತುದಿಯವರೆಗೆ ಎಳೆಯಬೇಡಿ, ಬಿಟ್ಟಾಗ ಟಪ್ ಅಂತ ಹೊಡೆಯಲು ಬಿಡಬೇಡಿ, ಒಳಗಿನ ಸ್ಪ್ರಿಂಗ್ ಮುರಿಯುತ್ತದೆ. ಮೂರ್ನಾಲ್ಕು ಸಲಕ್ಕೆ ಒಮ್ಮೆ ಕೆಮ್ಮಿದರೆ ಚೋಕ್ ಅರ್ಧ ತೆರೆದು ಮತ್ತೆ ಜಗ್ಗಿ.

ಏಳೆಂಟು ಸಲಕ್ಕೂ ಏನೂ ಆಗಲಿಲ್ಲವಾ? ನಿಲ್ಲಿಸಿ. ಇನ್ನು ಮುಂದೆ ಜಗ್ಗುವುದು ಬರೀ ತೋಳಿಗೆ ಕಸರತ್ತು, ಮೇಲಿಂದ ಎಂಜಿನ್ ಒಳಗೆ ಪೆಟ್ರೋಲ್ ತುಂಬಿ ಇನ್ನೊಂದು ತೊಂದರೆ.

## ಹಂತ 2: ಹಳೇ ಪೆಟ್ರೋಲ್ ತೆಗೆಯಿರಿ

ಟ್ಯಾಂಕ್ ಮುಚ್ಚಳ ತೆರೆದು ಮೂಸಿ ನೋಡಿ. ತಾಜಾ ಪೆಟ್ರೋಲ್ ಮೂಗಿಗೆ ಚುರುಕ್ ಅನ್ನುತ್ತದೆ. ಹಳೇದು ಬಣ್ಣದ ಡಬ್ಬಿಯ ವಾಸನೆ ಬರುತ್ತದೆ, ಒಂಥರ ಹುಳಿ. ಹಾಗೆ ಬಂದರೆ ಪೂರ್ತಿ ತೆಗೆಯಿರಿ. ಅದಕ್ಕೇ ಹೊಸದನ್ನು ಬೆರೆಸಿ ಓಡಿಸಲು ಹೋಗಬೇಡಿ.

ತೆಗೆದದ್ದನ್ನು ಗಾಜಿನ ಬಾಟಲಿಗೆ ಹಾಕಿ ಹತ್ತು ನಿಮಿಷ ಅಲುಗಿಸದೆ ಇಡಿ. ತಳದಲ್ಲಿ ಬೇರೆಯೇ ಒಂದು ಪದರ ಕಂಡರೆ ನೀರು ಸೇರಿದೆ. ಈಗ ಪಂಪಿನಲ್ಲಿ ಸಿಗುವ ಪೆಟ್ರೋಲ್‌ನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಜಾಸ್ತಿಯಾದಾಗ ನೀರು ಮತ್ತು ಎಥೆನಾಲ್ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಕಾಕ್ ಇರುವುದೂ ತಳದಲ್ಲೇ, ಅಂದರೆ ಕಾರ್ಬೊರೇಟರಿಗೆ ಮೊದಲು ಹೋಗುವುದೂ ಅದೇ. ಬೆಳಗಾವಿ, ಖಾನಾಪುರ ಕಡೆ ಜುಲೈ ತಿಂಗಳಿಡೀ ಗೋಡೆಯೇ ಬೆವರುತ್ತದೆ, ಅರ್ಧ ಖಾಲಿ ಟ್ಯಾಂಕಿನ ಗತಿ ಕೇಳಬೇಕಾ? ಮುಧೋಳ, ಜಮಖಂಡಿ, ಅಥಣಿಯ ನಮ್ಮ ಕಬ್ಬಿನಿಂದಲೂ ಎಥೆನಾಲ್ ಆಗುತ್ತದೆ, ಅದರ ಮೇಲೆ ನನಗೇನೂ ಸಿಟ್ಟಿಲ್ಲ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ಬಿಡಬೇಡಿ ಅಂತಷ್ಟೇ.

ಹೊಸ ಪೆಟ್ರೋಲಿಗೆ 2ಟಿ ಆಯಿಲ್ (ಟೂ-ಸ್ಟ್ರೋಕ್ ಎಂಜಿನ್ನಿನ ಎಣ್ಣೆ) ಬೆರೆಸಿಯೇ ಹಾಕಬೇಕು. ಈ ಎಂಜಿನ್ನಿನಲ್ಲಿ ಬೇರೆ ಆಯಿಲ್ ವ್ಯವಸ್ಥೆ ಇಲ್ಲ, ಪೆಟ್ರೋಲ್ ಜೊತೆ ಹೋಗುವ ಎಣ್ಣೆಯೇ ಪಿಸ್ಟನ್ನಿಗೂ ಬೇರಿಂಗಿಗೂ ಗತಿ. ಇಂಥ ಗಾಡಿಗಳಿಗೆ ಸಾಮಾನ್ಯವಾಗಿ ಹೇಳುವುದು 25:1. ಅಂದರೆ 1 ಲೀಟರಿಗೆ 40 ಎಂಎಲ್. 50:1 ಅಂತ ಬರೆದಿದ್ದರೆ 20 ಎಂಎಲ್. ನಿಮ್ಮ ಗಾಡಿಯ ಪುಸ್ತಕ ಇದ್ದರೆ ಅದು ಹೇಳಿದಷ್ಟು ಹಾಕಿ. ಅಳೆಯಲು ಕೆಮ್ಮಿನ ಔಷಧದ ಮುಚ್ಚಳ ಸಾಕು, ಅದರ ಮೇಲೆ ಗೆರೆ ಇರುತ್ತದೆ. "ಒಂದ್ ಸ್ವಲ್ಪ ಜಾಸ್ತಿನೇ ಇರಲಿ ಬಿಡ್ರಿ" ಅಂತ ಕಣ್ಣಂದಾಜಿನಲ್ಲಿ ಸುರಿದವರ ಪ್ಲಗ್ ಕಪ್ಪಗೆ ಜಿಡ್ಡು ಹಿಡಿದಿರುತ್ತದೆ. ಕಾರಿನ ಎಂಜಿನ್ ಆಯಿಲ್ ಅಂತೂ ಬೇಡವೇ ಬೇಡ.

ತೆಗೆದ ಹಳೇ ಪೆಟ್ರೋಲನ್ನು ಗಟಾರಕ್ಕೆ ಸುರಿಯಬೇಡಿ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಾಕಿ ಗ್ಯಾರೇಜಿಗೆ ಕೊಟ್ಟರೆ ಸಾಮಾನು ತೊಳೆಯಲು ಬರುತ್ತದೆ.

## ಹಂತ 3: ಪ್ಲಗ್ ಬಿಚ್ಚಿ, ಅದು ಹೇಳುವುದನ್ನು ಕೇಳಿ

ಇಡೀ ಕೆಲಸದ ಕವಲು ದಾರಿ ಇದು. ಜನ ತಪ್ಪುವುದೂ ಇಲ್ಲೇ. ಪ್ಲಗ್ ನೋಡದೆ ಕಾರ್ಬೊರೇಟರಿಗೆ ಕೈ ಹಾಕುತ್ತಾರೆ.

ಬಿಚ್ಚುವ ಮೊದಲು ಪ್ಲಗ್ ಸುತ್ತಲಿನ ಮಣ್ಣನ್ನು ಊದಿ, ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಆ ಮಣ್ಣು ನೇರ ಸಿಲಿಂಡರಿಗೆ ಬೀಳುತ್ತದೆ. ಪ್ಲಗ್ ತೆಗೆದ ಕೂಡಲೇ ತುದಿ ನೋಡಿ, ಮುಟ್ಟಿ, ಮೂಸಿ. ಏಳೆಂಟು ಸಲ ಹಗ್ಗ ಜಗ್ಗಿದ ಮೇಲೆ ಅದು ಮೂರರಲ್ಲಿ ಒಂದು ಥರ ಇರುತ್ತದೆ.

ಪೂರ್ತಿ ಒಣಗಿದೆ, ಪೆಟ್ರೋಲ್ ವಾಸನೆಯೂ ಇಲ್ಲ: ಪೆಟ್ರೋಲ್ ಒಳಗೆ ಬರುತ್ತಿಲ್ಲ. ಒಮ್ಮೆ ಹಂತ 4ರಲ್ಲಿ ಕಿಡಿ ನೋಡಿಕೊಂಡು ಹಂತ 5ಕ್ಕೆ ಹೋಗಿ.

ತೊಯ್ದು ತೊಟ್ಟಿಕ್ಕುತ್ತಿದೆ: ಪೆಟ್ರೋಲ್ ಬರುತ್ತಿದೆ, ಹತ್ತಿಕೊಳ್ಳುತ್ತಿಲ್ಲ. ಕಿಡಿ ಇಲ್ಲ, ಇಲ್ಲವೇ ಪೆಟ್ರೋಲ್ ಜಾಸ್ತಿಯಾಗಿದೆ. ಹಂತ 4, ಆಮೇಲೆ 6.

ಸ್ವಲ್ಪ ತೇವ ಇದೆ, ವಾಸನೆ ಇದೆ, ಆದರೂ ಚಾಲೂ ಇಲ್ಲ: ಕಿಡಿ ನೋಡಿ. ಅದೂ ಸರಿ ಇದ್ದರೆ 7ರಿಂದ ಮುಂದೆ.

ಬಣ್ಣವನ್ನೂ ಗಮನಿಸಿ. ಚಹಾ ಕಂದು ಬಣ್ಣ ಇದ್ದರೆ ಎಂಜಿನ್ ಮೊದಲು ಸರಿಯಾಗಿ ಓಡುತ್ತಿತ್ತು. ಕಪ್ಪು ಜಿಡ್ಡು ಅಂದರೆ ಆಯಿಲ್ ಜಾಸ್ತಿ ಅಥವಾ ಚೋಕ್ ಹಾಕಿಕೊಂಡೇ ಓಡಿಸಿದ್ದಾರೆ. ಬಿಳಿಚಿಕೊಂಡಿದ್ದರೆ, ತುದಿಯಲ್ಲಿ ಸಣ್ಣ ಸಣ್ಣ ಲೋಹದ ಕಾಳು ಅಂಟಿದ್ದರೆ ಎಂಜಿನ್ ಮಿತಿ ಮೀರಿ ಕಾದಿದೆ. ಆ ಗಾಡಿಯನ್ನು ಚಾಲೂ ಮಾಡಲೇಬೇಡಿ, ನೇರ ಹಂತ 8ಕ್ಕೆ ಹೋಗಿ ಪಿಸ್ಟನ್ ನೋಡಿ.

ಹೊಸ ಪ್ಲಗ್ ಹಾಕುವಾಗ ತುದಿಯ ಸಂದು 0.6ರಿಂದ 0.7 ಎಂಎಂ ಇರಲಿ. ಉದ್ದ ಜಾಸ್ತಿ ಇರುವ ಪ್ಲಗ್ ಹಾಕಿದರೆ ಪಿಸ್ಟನ್ ತಲೆಗೆ ಗುದ್ದುತ್ತದೆ, ಹಾಗಾಗಿ ಹಳೇದನ್ನು ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಿ. ಮೊದಲ ಸುತ್ತುಗಳನ್ನು ಬೆರಳಿನಿಂದಲೇ ತಿರುಗಿಸಿ. ಹೆಡ್ ಅಲ್ಯೂಮಿನಿಯಂ, ಆಟೆ (ಥ್ರೆಡ್) ಅಡ್ಡ ಹತ್ತಿದರೆ ಆಮೇಲೆ ಲೇತ್ ಕೆಲಸ.

## ಹಂತ 4: ಕಿಡಿ ಬರುತ್ತಿದೆಯಾ?

ಹೊಸ ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಸಿಲಿಂಡರ್ ಹೆಡ್ಡಿಗೆ ಒತ್ತಿ ಹಿಡಿಯಿರಿ. ಬರಿಗೈಯಿಂದ ಅಲ್ಲ, ರಬ್ಬರ್ ಹಿಡಿಕೆಯ ಪಕ್ಕಡ್‌ನಿಂದ. ಪ್ಲಗ್ ತೂತಿಗೆ ಮೊದಲೇ ಬಟ್ಟೆ ತುರುಕಿ, ಪ್ಲಗ್ಗನ್ನು ಅದರಿಂದ ದೂರ ಇಡಿ, ಚೆಲ್ಲಿದ ಪೆಟ್ರೋಲ್ ಒರೆಸಿ. ತೂತಿನಿಂದ ಬರುವ ಆವಿಗೆ ಕಿಡಿ ತಾಗಿದರೆ ಭಗ್ ಅನ್ನುತ್ತದೆ. ಈಗ ಇನ್ನೊಬ್ಬರು ಹಗ್ಗ ಜಗ್ಗಲಿ. ನೆರಳಿನಲ್ಲಿ ನೋಡಿ, ಬಿಸಿಲಲ್ಲಿ ಕಾಣುವುದಿಲ್ಲ.

ನೀಲಿ ಬಣ್ಣದಲ್ಲಿ ಚಟ್ ಚಟ್ ಅಂತ ಸದ್ದು ಬಂದರೆ ಕಿಡಿ ಗಟ್ಟಿ ಇದೆ. ಹಳದಿ, ಸಣಕಲು, ಒಂದು ಬಂದರೆ ಒಂದಿಲ್ಲ ಅನ್ನುವ ಹಾಗಿದ್ದರೆ ಅದು ಬಯಲಲ್ಲಿ ಕಂಡರೂ ಒತ್ತಡದ ಒಳಗೆ ಆರಿಹೋಗುತ್ತದೆ.

ಕಿಡಿಯೇ ಇಲ್ಲ ಅಂದರೆ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಕೊಳ್ಳಲು ಓಡಬೇಡಿ. ಮೊದಲು ಕಾಯಿಲ್‌ನಿಂದ ಕಿಲ್ ಸ್ವಿಚ್ಚಿಗೆ ಹೋಗುವ ತೆಳು ವೈರ್ ಹುಡುಕಿ, ಅದರ ಜೋಡಣೆ ಬಿಡಿಸಿ, ಮತ್ತೆ ನೋಡಿ. ಕಿಲ್ ಸ್ವಿಚ್ ಮಾಡುವ ಕೆಲಸ ಒಂದೇ, ಕಾಯಿಲ್‌ನ ಕರೆಂಟನ್ನು ಚಾಸಿಗೆ ಇಳಿಸಿಬಿಡುವುದು. ಸ್ವಿಚ್ಚಿನೊಳಗೆ ನೀರು ಹೋಗಿದ್ದರೆ, ವೈರ್ ಸವೆದು ಚಾಸಿಗೆ ತಾಗಿದ್ದರೆ, ನೀವು ಒತ್ತದೆಯೇ ಅದು ಆ ಕೆಲಸ ಮಾಡುತ್ತಿರುತ್ತದೆ. ವೈರ್ ಬಿಡಿಸಿದ ಕೂಡಲೇ ಕಿಡಿ ಬಂದರೆ ಕಾಯಿಲ್ ಸರಿ ಇದೆ, ಸ್ವಿಚ್ಚೋ ವೈರೋ ಕೆಟ್ಟಿದೆ. ನೆನಪಿರಲಿ, ಆ ವೈರ್ ಬಿಟ್ಟಿರುವಾಗ ಎಂಜಿನ್ ಚಾಲೂ ಆದರೆ ಸ್ವಿಚ್ಚಿನಿಂದ ಬಂದ್ ಆಗುವುದಿಲ್ಲ. ಚೋಕ್ ಪೂರ್ತಿ ಮುಚ್ಚಿ ನಿಲ್ಲಿಸಬೇಕು.

ಆಗಲೂ ಕಿಡಿ ಇಲ್ಲವಾ? ಪ್ಲಗ್ ಕ್ಯಾಪ್ ನೋಡಿ. ತಿರುಗಿಸಿ ತೆಗೆಯುವ ಕ್ಯಾಪ್ ಆದರೆ ತೆಗೆದು ವೈರಿನ ತುದಿಯನ್ನು ಅರ್ಧ ಸೆಂಟಿಮೀಟರ್ ಕತ್ತರಿಸಿ. ಒಳಗಿನ ತಾಮ್ರ ಹಸಿರುಗಟ್ಟಿದ್ದರೆ ಅದೇ ಕಳ್ಳ. ಮತ್ತೆ ಬಿಗಿಯಾಗಿ ತಿರುಗಿಸಿ ಹಾಕಿ.

ಕೊನೆಗೆ ಹಗ್ಗದ ಕವರ್ ಬಿಚ್ಚಿ ಫ್ಲೈವೀಲ್ (ಎಂಜಿನ್ ಜೊತೆ ತಿರುಗುವ, ಮ್ಯಾಗ್ನೆಟ್ ಇರುವ ಚಕ್ರ) ನೋಡಿ. ಮಳೆಗಾಲ ಕಳೆದ ಬೆಳಗಾವಿ ಗಾಡಿಗಳಲ್ಲಿ ಮ್ಯಾಗ್ನೆಟ್ ಮೇಲೆ, ಕಾಯಿಲ್‌ನ ಕಬ್ಬಿಣದ ಕಾಲುಗಳ ಮೇಲೆ ಕೆಂಪು ತುಕ್ಕು ಕೂತಿರುತ್ತದೆ. ಪಾಲಿಶ್ ಪೇಪರಿನಿಂದ ಹೊಳಪು ಬರುವವರೆಗೆ ತಿಕ್ಕಿ, ಪುಡಿ ಒರೆಸಿ. ಕಾಯಿಲ್ ಮತ್ತು ಫ್ಲೈವೀಲ್ ನಡುವೆ ಸುಮಾರು 0.3 ಎಂಎಂ ಸಂದು ಬೇಕು. ಅದಕ್ಕೊಂದು ಸುಲಭ ಅಳತೆ ಇದೆ: ಕಾಯಿಲ್‌ನ ಎರಡು ಬೋಲ್ಟ್ ಸಡಿಲಿಸಿ, ಮ್ಯಾಗ್ನೆಟನ್ನು ಕಾಯಿಲ್ ಎದುರಿಗೆ ತಂದು, ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಡಿ. ಮ್ಯಾಗ್ನೆಟ್ ತಾನೇ ಕಾಯಿಲನ್ನು ಕಾರ್ಡಿಗೆ ಎಳೆದುಕೊಳ್ಳುತ್ತದೆ. ಬೋಲ್ಟ್ ಬಿಗಿ ಮಾಡಿ, ಚಕ್ರ ತಿರುಗಿಸಿ ಕಾರ್ಡ್ ಹೊರಗೆ ತೆಗೆಯಿರಿ. ಇಷ್ಟೆಲ್ಲ ಆದ ಮೇಲೂ ಕತ್ತಲೆಯೇ ಇದ್ದರೆ ಆಗ ಹೊಸ ಕಾಯಿಲ್.

## ಹಂತ 5: ಪ್ಲಗ್ ಒಣಗಿದ್ದರೆ ಪೆಟ್ರೋಲಿನ ದಾರಿ ಹಿಡಿಯಿರಿ

ಟ್ಯಾಂಕಿನಿಂದ ಶುರು ಮಾಡಿ, ಎಂಜಿನ್ ಕಡೆಗೆ ಬನ್ನಿ. ತಿರುಗಿ ಹೋಗಬೇಡಿ.

ಕಾರ್ಬೊರೇಟರ್ ತುದಿಯಲ್ಲಿ ಪೈಪ್ ಬಿಡಿಸಿ, ಬಾಟಲಿಗೆ ಹಿಡಿದು ಕಾಕ್ ತೆರೆಯಿರಿ. ಧಾರೆ ಬರಬೇಕು. ಮೊದಲು ಬಂದು ಆಮೇಲೆ ಹನಿಯಾದರೆ ಟ್ಯಾಂಕ್ ಮುಚ್ಚಳ ಸಡಿಲಿಸಿ ನೋಡಿ. ಆಗ ಧಾರೆ ಬಂದರೆ ಮುಚ್ಚಳದ ಗಾಳಿ ತೂತು ಮುಚ್ಚಿದೆ. ಮೊದಲಿನಿಂದಲೇ ಹನಿ ಅಂದರೆ ಕಾಕ್ ಜಾಲರಿಯಲ್ಲಿ ಕಚರಾ, ಅಥವಾ ನಡುವಿನ ಸಣ್ಣ ಫಿಲ್ಟರ್ ಕಟ್ಟಿದೆ. ಹಳೇ ಪೈಪ್ ಗಟ್ಟಿಯಾಗಿ ಒಡೆದಿದ್ದರೆ ಅದನ್ನೂ ಬದಲಿಸಿ.

ಪೈಪಿನವರೆಗೆ ಪೆಟ್ರೋಲ್ ಬರುತ್ತಿದೆ, ಪ್ಲಗ್ ಮಾತ್ರ ಒಣಗಿದೆ. ಈಗ ಕಾರ್ಬೊರೇಟರ್ ಬಿಚ್ಚುವ ಹಕ್ಕು ನಿಮಗೆ ಬಂತು!

ಒಂದು ಸಣ್ಣ ಪರೀಕ್ಷೆ ಮಾಡಿ ಖಾತ್ರಿ ಮಾಡಿಕೊಳ್ಳಿ. ಆಯಿಲ್ ಬೆರೆಸಿದ ಪೆಟ್ರೋಲ್ ನಾಲ್ಕೈದು ಹನಿ ಪ್ಲಗ್ ತೂತಿಗೆ ಬಿಡಿ, ಪ್ಲಗ್ ಹಾಕಿ ಜಗ್ಗಿ. ಎರಡು ಸೆಕೆಂಡ್ ಓಡಿ ನಿಂತರೆ ಕಿಡಿ ಸರಿ, ಒತ್ತಡ ಸರಿ, ಕಾರ್ಬೊರೇಟರ್ ಒಂದೇ ತಪ್ಪು. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯಬೇಡಿ. ಅದರಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆ ಇರುವುದಿಲ್ಲ.

ಬಿಚ್ಚುವಾಗ ಹಂತ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕೆಳಗೆ ಬಿಳಿ ತಟ್ಟೆ ಇಡಿ, ಸ್ಟೀಲ್ ತಾಟು ಬೇಡ, ಅದರಲ್ಲಿ ಬಿದ್ದ ಸಣ್ಣ ಸಾಮಾನು ಕಾಣಿಸುವುದಿಲ್ಲ. ತಳದ ಬಟ್ಟಲಿಗೆ ಎರಡು ಸ್ಕ್ರೂ ಇರುತ್ತವೆ, ಮೆತ್ತನೆಯವು, ಒತ್ತಿ ಹಿಡಿದು ತಿರುಗಿಸಿ. ಬಟ್ಟಲು ತೆಗೆದರೆ ಒಳಗೆ ತೇಲುವ ಫ್ಲೋಟ್, ಅದನ್ನು ಹಿಡಿದಿರುವ ಸಣ್ಣ ಪಿನ್, ಕೆಳಗೆ ಸೂಜಿಯಂಥ ನೀಡಲ್. ನಾಲ್ಕು ತಿಂಗಳು ನಿಂತ ಗಾಡಿಯಲ್ಲಿ ಬಟ್ಟಲಿನ ತಳಕ್ಕೆ ಹಳದಿ ಅಂಟು ಕೂತಿರುತ್ತದೆ, ಹಲಸಿನ ಅಂಟಿನ ಹಾಗೆ. ನೀಡಲ್ ಅದೇ ಅಂಟಿನಲ್ಲಿ ಮೇಲಕ್ಕೆ ಕಚ್ಚಿಕೊಂಡು ಪೆಟ್ರೋಲ್ ಬರುವ ದಾರಿ ಮುಚ್ಚಿರುತ್ತದೆ.

ನಡುವಿನ ಹಿತ್ತಾಳೆ ಜೆಟ್ (ಪೆಟ್ರೋಲ್ ಹೋಗುವ ಸಣ್ಣ ತೂತಿನ ಸಾಮಾನು) ಬಿಚ್ಚಿ. ಕೆಲವು ಕಾರ್ಬೊರೇಟರಿನಲ್ಲಿ ಒಂದೇ ಜೆಟ್, ಕೆಲವಲ್ಲಿ ಪಕ್ಕಕ್ಕೆ ಇನ್ನೊಂದು ಚಿಕ್ಕದು. ಅದನ್ನು ಕಣ್ಣಿಗೆ ಹತ್ತಿರ ಹಿಡಿದು ಟ್ಯೂಬ್‌ಲೈಟ್ ಕಡೆ ನೋಡಿ. ದುಂಡಗಿನ, ಅಂಚು ಚೂಪಾದ ಬೆಳಕಿನ ಚುಕ್ಕೆ ಕಾಣಬೇಕು. ಅರ್ಧಚಂದ್ರ ಕಂಡರೂ ಸಾಲದು. ಕ್ಲೀನರ್ ಹೊಡೆದು ಹತ್ತು ನಿಮಿಷ ಬಿಡಿ, ಆಮೇಲೆ ಮನೆ ವೈರಿನಿಂದ ಒಂದೇ ಒಂದು ತಾಮ್ರದ ಎಳೆ ತೆಗೆದು ತೂರಿಸಿ. ಸೇಫ್ಟಿ ಪಿನ್ ಬೇಡ. ಮೊದಮೊದಲು ನಾನೂ ಹೆಂಡತಿಯ ಸೆರಗಿನ ಪಿನ್ ಹಾಕಿ ಸರಸರ ತಿರುಗಿಸಿದ್ದೆ. ತೂತು ದೊಡ್ಡದಾಗಿ ಆ ಗಾಡಿ ಆಮೇಲೆ ಹೊಗೆ ಬಿಟ್ಟುಕೊಂಡೇ ಓಡಿತು, ಕೊನೆಗೆ ಕೈಯಿಂದ ದುಡ್ಡು ಹಾಕಿ ಹೊಸ ಜೆಟ್ ತಂದು ಹಾಕಿದೆ.

ಕಾರ್ಬೊರೇಟರ್ ಮೈಯ ಎಲ್ಲ ತೂತಿಗೂ ಕ್ಲೀನರ್ ಹೊಡೆಯಿರಿ, ಒಂದರಲ್ಲಿ ಹೊಡೆದರೆ ಇನ್ನೊಂದರಿಂದ ಬರಬೇಕು. ಕಣ್ಣಿಗೆ ಚಿಮ್ಮುತ್ತದೆ, ಕನ್ನಡಕ ಹಾಕಿಕೊಳ್ಳಿ. ರಬ್ಬರ್ ಸಾಮಾನನ್ನು ಅದರಲ್ಲಿ ನೆನೆಹಾಕಬೇಡಿ, ಉಬ್ಬಿ ಮತ್ತೆ ಕೂರುವುದಿಲ್ಲ. ಗಾಳಿ ಸ್ಕ್ರೂ ಇದ್ದರೆ ತೆಗೆಯುವ ಮೊದಲು ಒಳಗೆ ಎಷ್ಟು ಸುತ್ತು ಹೋಗುತ್ತದೆ ಅಂತ ಎಣಿಸಿ ಬರೆದಿಡಿ. ಆಗಲೇ ಯಾರೋ ತಿರುಗಿಸಿಬಿಟ್ಟಿದ್ದರೆ ಮೆಲ್ಲಗೆ ಪೂರ್ತಿ ಒಳಗೆ ಕೂರಿಸಿ, ಒಂದೂವರೆ ಸುತ್ತು ಹೊರಗೆ ತನ್ನಿ. ಚಾಲೂ ಆಗಲು ಅಷ್ಟು ಸಾಕು.

ಥ್ರೊಟಲ್ ಸ್ಲೈಡ್ ಒಳಗೆ ಬಿಡುವಾಗ ಅದರ ಸೀಳು ಒಳಗಿನ ಪಿನ್ನಿಗೆ ಸರಿಯಾಗಿ ಕೂರಬೇಕು. ತಿರುವಿ ಕೂತರೆ ಥ್ರೊಟಲ್ ತೆರೆದೇ ಉಳಿಯುತ್ತದೆ. ಟಕ್ ಸದ್ದು ಮತ್ತೆ ಕೇಳಿ.

## ಹಂತ 6: ಪ್ಲಗ್ ತೊಯ್ದಿದ್ದರೆ

ಕಾಕ್ ಬಂದ್ ಮಾಡಿ. ಪ್ಲಗ್ ಹೊರಗೇ ಇರಲಿ, ಕಿಲ್ ಸ್ವಿಚ್ ಬಂದ್ ಸ್ಥಿತಿಯಲ್ಲಿರಲಿ. ಚೋಕ್ ತೆರೆದು, ಥ್ರೊಟಲ್ ಪೂರ್ತಿ ಒತ್ತಿ ಹಿಡಿದು ಹತ್ತು ಸಲ ಜಗ್ಗಿ. ತೂತಿನಿಂದ ಪೆಟ್ರೋಲ್ ಮಂಜಿನ ಹಾಗೆ ಚಿಮ್ಮುತ್ತದೆ, ಮುಖ ಅಲ್ಲಿಂದ ದೂರ ಇಡಿ. ಕಾಲು ಗಂಟೆ ಬಿಟ್ಟು ಒಣ ಪ್ಲಗ್ ಹಾಕಿ ಚೋಕ್ ಇಲ್ಲದೆ ಜಗ್ಗಿ. ಹೆಚ್ಚಿನವು ಹೊಗೆ ಕಾರುತ್ತಾ ಚಾಲೂ ಆಗುತ್ತವೆ.

ಮತ್ತೆ ಮತ್ತೆ ತೊಯ್ಯುತ್ತಿದ್ದರೆ, ಕಾರ್ಬೊರೇಟರ್ ಹೊರಗೆ ಪೆಟ್ರೋಲ್ ಸೋರುತ್ತಿದ್ದರೆ, ನೀಡಲ್ ಕೂರುವ ಜಾಗದಲ್ಲಿ ಕಚರಾ ಇದೆ ಅಥವಾ ಫ್ಲೋಟ್ ಒಳಗೆ ಪೆಟ್ರೋಲ್ ಹೋಗಿ ಮುಳುಗಿದೆ. ಫ್ಲೋಟನ್ನು ಕಿವಿ ಹತ್ತಿರ ಅಲುಗಿಸಿ. ಒಳಗೆ ಗುಳುಗುಳು ಅಂದರೆ ಬದಲಿಸಿ.

## ಹಂತ 7: ಗಾಳಿ ಒಳಗೆ, ಹೊಗೆ ಹೊರಗೆ

ಏರ್ ಫಿಲ್ಟರ್ ಸ್ಪಂಜನ್ನು ಸೋಪಿನ ನೀರಿನಲ್ಲಿ ತೊಳೆದು, ಹಿಂಡಿ, ಪೂರ್ತಿ ಒಣಗಿಸಿ, ಎರಡು ಹನಿ ಎಣ್ಣೆ ಸವರಿ ಹಾಕಿ. ಫಿಲ್ಟರ್ ತೆಗೆದು ಓಡಿಸಿದರೆ ಪಿಕಪ್ ಬರುತ್ತದೆ ಅನ್ನುವವರ ಮಾತು ಕೇಳಬೇಡಿ. ವಿಜಯಪುರ, ತಿಕೋಟಾ ಕಡೆಯ ಎರೆ ಮಣ್ಣಿನ ಧೂಳು ಏಪ್ರಿಲ್‌ನಲ್ಲಿ ಗೋಧಿ ಹಿಟ್ಟಿಗಿಂತ ನಯ. ಅಲ್ಲಿಂದ ಬಂದ ಒಂದು ಗಾಡಿಯಲ್ಲಿ ಒಂದೇ ಬೇಸಿಗೆಗೆ ರಿಂಗ್ ಸವೆದು ಬ್ಲೇಡಿನಂತಾಗಿತ್ತು.

ಸೈಲೆನ್ಸರ್ ತುದಿಗೂ ಟಾರ್ಚ್ ಬಿಡಿ. ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಲು ಇದಕ್ಕಿಂತ ಒಳ್ಳೆ ಜಾಗ ಸಿಗುವುದಿಲ್ಲ. ಹೊಗೆ ಹೋಗಲು ದಾರಿ ಇಲ್ಲದಿದ್ದರೆ ಎಂಜಿನ್ ಒಂದು ಸಲ ಬುಸ್ ಅಂದು ನಿಲ್ಲುತ್ತದೆ, ಅಷ್ಟೇ.

## ಹಂತ 8: ಒತ್ತಡ ಇದೆಯಾ?

ಪ್ಲಗ್ ಹಾಕಿ ಹಗ್ಗವನ್ನು ನಿಧಾನ ಎಳೆಯಿರಿ. ಒಂದೊಂದು ಸುತ್ತಿಗೂ ಕೈಗೆ ಗಟ್ಟಿ ತಡೆ ಸಿಗಬೇಕು. ಬಾವಿ ಹಗ್ಗ ಎಳೆದ ಹಾಗೆ ಸರಾಗ ಬಂದರೆ ಒತ್ತಡ ಇಲ್ಲ. ಕಂಪ್ರೆಷನ್ ಗೇಜ್ ಸಿಕ್ಕರೆ ಥ್ರೊಟಲ್ ಪೂರ್ತಿ ತೆರೆದು ಮುಳ್ಳು ಏರುವುದು ನಿಲ್ಲುವವರೆಗೆ ಜಗ್ಗಿ. 100 ಪಿಎಸ್‌ಐ ದಾಟಿದರೆ ಎಂಜಿನ್ ಚಾಲೂ ಆಗಲು ಬೇಕಾದಷ್ಟಿದೆ. 90ರ ಕೆಳಗಿದ್ದರೆ ನೀವೆಷ್ಟು ಕಾರ್ಬೊರೇಟರ್ ತೊಳೆದರೂ ಕಷ್ಟವೇ.

ಕಡಿಮೆ ಬಂದರೆ ಪ್ಲಗ್ ತೂತಿಗೆ ಅರ್ಧ ಚಮಚ 2ಟಿ ಆಯಿಲ್ ಬಿಟ್ಟು ಮತ್ತೆ ನೋಡಿ. ಮುಳ್ಳು ಚೆನ್ನಾಗಿ ಏರಿದರೆ ರಿಂಗ್ ಸವೆದಿದೆ. ಏರದಿದ್ದರೆ ಹೆಡ್ ಬೋಲ್ಟ್, ಪ್ಲಗ್ ವಾಷರ್, ಗ್ಯಾಸ್ಕೆಟ್ ಕಡೆ ನೋಡಿ.

ಕಣ್ಣಾರೆ ನೋಡುವ ದಾರಿಯೂ ಇದೆ. ಸೈಲೆನ್ಸರ್‌ನ ಎರಡು ಬೋಲ್ಟ್ ಬಿಚ್ಚಿ, ಆ ಕಿಟಕಿಯಿಂದ ಟಾರ್ಚ್ ಬಿಟ್ಟು ನಿಧಾನ ಹಗ್ಗ ಎಳೆಯಿರಿ. ಪಿಸ್ಟನ್ ಮೈ ನಯವಾಗಿರಬೇಕು. ಮೇಲಿನಿಂದ ಕೆಳಗೆ ಉದ್ದುದ್ದ ಗೀರು ಕಂಡರೆ ಎಣ್ಣೆ ಇಲ್ಲದೆ ಓಡಿ ಹಿಡಿದುಕೊಂಡಿದೆ. "ಕಾಕಾ, ಬರೀ ಪೆಟ್ರೋಲ್ ಹಾಕಿದ್ದೆ, ಎಣ್ಣಿ ಹಾಕ್ಬೇಕಂತ ಯಾರೂ ಹೇಳ್ಲಿಲ್ರೀ" ಅಂತ ಹುಡುಗ ತಲೆ ಕೆರೆದುಕೊಳ್ಳುವುದು ಈ ಹಂತದಲ್ಲೇ. ಇಲ್ಲಿಂದ ಸಿಲಿಂಡರ್, ಪಿಸ್ಟನ್ ಸೆಟ್ಟಿನ ಲೆಕ್ಕ.

## ಹಂತ 9: ಎಲ್ಲ ಸರಿ ಇದ್ದೂ ಚಾಲೂ ಆಗದಿದ್ದರೆ

ಇಲ್ಲಿ ಮೂರು ಉಳಿಯುತ್ತವೆ. ಅನುಭವ ಇಲ್ಲದಿದ್ದರೆ ಮಿಸ್ತ್ರಿಗೆ ಬಿಡಿ, ಲಕ್ಷಣ ಮಾತ್ರ ತಿಳಿದುಕೊಂಡು ಹೋಗಿ ಹೇಳಿ.

ಹಗ್ಗ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೊಡೆಯುತ್ತಿದ್ದರೆ, ಕಾರ್ಬೊರೇಟರ್ ಅಥವಾ ಸೈಲೆನ್ಸರ್‌ನಿಂದ ಡಬ್ ಅಂತಿದ್ದರೆ ಫ್ಲೈವೀಲನ್ನು ಕ್ರ್ಯಾಂಕ್ ದಂಡದ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಸಣ್ಣ ಲೋಹದ ಚಾವಿ ತುಂಡಾಗಿರಬಹುದು. ಕಿಡಿ ಬರುತ್ತದೆ, ತಪ್ಪು ಹೊತ್ತಿಗೆ ಬರುತ್ತದೆ. ಫ್ಲೈವೀಲ್ ತೆಗೆಯಲು ಪುಲ್ಲರ್ ಬೇಕು. ಕ್ರ್ಯಾಂಕ್ ತುದಿಗೆ ಸುತ್ತಿಗೆ ಹೊಡೆದರೆ ಕ್ರ್ಯಾಂಕ್ ಬಾಗುತ್ತದೆ. ನಟ್ ಬಿಚ್ಚುವಾಗ ಎಂಜಿನ್ ತಿರುಗದಂತೆ ಕೆಲವರು ಪ್ಲಗ್ ತೂತಿಗೆ ಸ್ಕ್ರೂಡ್ರೈವರ್ ತುರುಕುತ್ತಾರೆ, ಪಿಸ್ಟನ್ ತೂತಾಗುತ್ತದೆ. ಪಿಸ್ಟನ್ ಅರ್ಧಕ್ಕಿಂತ ಮೇಲೆ ಬಂದು ಸೈಲೆನ್ಸರ್ ಕಿಟಕಿ ಮುಚ್ಚಿದ ಮೇಲೆ ಮೆತ್ತನೆ ಹತ್ತಿ ಹಗ್ಗ ತುಂಬಿ.

ಜಗ್ಗಿದಾಗ ಪೆಟ್ರೋಲ್ ಹಿಂದಕ್ಕೆ ಚಿಮ್ಮಿ ಏರ್ ಫಿಲ್ಟರ್ ತೊಯ್ಯುತ್ತಿದ್ದರೆ ಕಾರ್ಬೊರೇಟರ್ ಹಿಂದಿನ ರೀಡ್ ಎಲೆ (ಪೆಟ್ರೋಲ್ ಹಿಂದಕ್ಕೆ ಬರದಂತೆ ತಡೆಯುವ ತೆಳು ಎಲೆ) ಒಡೆದಿದೆ ಅಥವಾ ಸರಿಯಾಗಿ ಮುಚ್ಚುತ್ತಿಲ್ಲ.

ಮೂರನೆಯದು ಕ್ರ್ಯಾಂಕ್ ಸೀಲ್, ಕ್ರ್ಯಾಂಕ್ ದಂಡದ ಸುತ್ತ ಗಾಳಿ ಒಳಗೆ ಬರದಂತೆ ತಡೆಯುವ ರಬ್ಬರ್. ಫ್ಲೈವೀಲ್ ಹಿಂದೆ ಎಣ್ಣೆ ಜಿಡ್ಡು, ಚಾಲೂ ಆದ ಮೇಲೆ ಥ್ರೊಟಲ್ ಬಿಟ್ಟರೂ ವೇಗ ಏರುತ್ತಲೇ ಇರುವುದು, ಬಿಸಿಯಾದ ಮೇಲೆ ಮತ್ತೆ ಚಾಲೂ ಆಗದಿರುವುದು ಇದರ ಗುರುತು. ಕಾರ್ಬೊರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಬಿರುಕು ಬಿಟ್ಟರೂ ಹೀಗೇ ಆಗುತ್ತದೆ, ಅಗ್ಗದ್ದು ಅದು, ಅದನ್ನೇ ಮೊದಲು ನೋಡಿ. ವೇಗ ತಾನೇ ಏರುತ್ತಿರುವ ಗಾಡಿಯನ್ನು ತಕ್ಷಣ ಬಂದ್ ಮಾಡಿ. ಗಾಳಿ ಜಾಸ್ತಿಯಾಗಿ, ಪೆಟ್ರೋಲೂ ಎಣ್ಣೆಯೂ ಕಡಿಮೆಯಾಗಿ ಪಿಸ್ಟನ್ ಸುಡುತ್ತದೆ.

## ಚಾಲೂ ಆದ ಮೇಲೆ

ಒಂದೆರಡು ನಿಮಿಷ ನಿಂತಲ್ಲೇ ಓಡಲಿ. ಥ್ರೊಟಲ್ ಬಿಟ್ಟಾಗ ಎತ್ತಿದ ಗಾಲಿಗಳು ಜೋರಾಗಿ ತಿರುಗುತ್ತಿದ್ದರೆ ಐಡಲ್ ಸ್ಕ್ರೂ ಸ್ವಲ್ಪ ಹಿಂದಕ್ಕೆ ತನ್ನಿ. ಗಾಲಿ, ಚೈನಿನ ಹತ್ತಿರ ಕೈ, ಬಟ್ಟೆ ಒಯ್ಯಬೇಡಿ.

ಮುಂದಿನ ಮಳೆಗಾಲಕ್ಕೆ ಶೆಡ್ಡಿಗೆ ನೂಕುವ ದಿನ ಟ್ಯಾಂಕ್ ಖಾಲಿ ಮಾಡಿ, ಕಾಕ್ ಬಂದ್ ಮಾಡಿ, ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ. ಬಟ್ಟಲಿನ ತಳದಲ್ಲಿ ಉಳಿದದ್ದನ್ನೂ ಇಳಿಸಿ. ಪ್ಲಗ್ ತೂತಿಗೆ ಅರ್ಧ ಚಮಚ 2ಟಿ ಬಿಟ್ಟು, ಕಿಲ್ ಸ್ವಿಚ್ ಬಂದ್ ಇಟ್ಟು ಎರಡು ಸಲ ಹಗ್ಗ ಎಳೆದು ಪ್ಲಗ್ ಹಾಕಿ. ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ, ಅದರ ತುದಿ ಹೊರಗೆ ಕಾಣುವಂತೆ ಬಿಡಿ.

ಹಂತ 4ರಲ್ಲಿ ಬಿಡಿಸಿದ ಕಿಲ್ ವೈರ್ ಮತ್ತೆ ಹಾಕಿದ್ದೀರಾ? ಗಾಡಿಯನ್ನು ಮರದ ತುಂಡಿನಿಂದ ಇಳಿಸುವ ಮೊದಲು ಕೆಂಪು ಸ್ವಿಚ್ ಒತ್ತಿ ಒಮ್ಮೆ, ಹಿಂದಿನ ದಾರ ಜಗ್ಗಿ ಒಮ್ಮೆ ಎಂಜಿನ್ ಬಂದ್ ಮಾಡಿ ನೋಡಿ. ಎರಡರಿಂದಲೂ ನಿಂತರೆ ಮಾತ್ರ ಹುಡುಗನಿಗೆ ಹೆಲ್ಮೆಟ್ ಹಾಕಿ ಕೂರಿಸಿ.